ಬಾಡಿಗೆ ಕೋಟಿನ ತೋಳು

"ಯಾವ ಬಣ್ಣವಂತೆ?" ಅಂತ ಪಕ್ಕದ ಮನೆಯವರು ಬೇಲಿ ಮೇಲಿಂದ ತಲೆಯೆತ್ತಿ ಕೇಳಿದರು. ನಾನು ಮೆಂತ್ಯದ ಪಾತಿಗೆ ನೀರು ಹಾಕ್ತಾ ಇದ್ದೆ. ಮಗಳ ಮನೆ ಇರೋದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಮೇ ತಿಂಗಳು ಬಂತೋ, ಹೈಸ್ಕೂಲು ಮುಗಿಸೋ ಮಕ್ಕಳಿರುವ ಮನೆಗಳಲ್ಲೆಲ್ಲ ಒಂದೇ ಮಾತು, ಪ್ರಾಮ್ ಅನ್ನೋ ನೃತ್ಯಕೂಟ. ಈ ಸಲ ನಮ್ಮ ಮೊಮ್ಮಗನದೂ ಸರದಿ. ಹುಡುಗ ಯಾರ ಜೊತೆ ಹೋಗ್ತಾನೆ ಅಂತ ಅವರು ಕೇಳಲಿಲ್ಲ, ಎಷ್ಟು ಹೊತ್ತಿಗೆ ಹೊರಡ್ತಾನೆ ಅಂತಲೂ ಕೇಳಲಿಲ್ಲ. ಮೊದಲು ಕೇಳಿದ್ದು ಕೋಟಿನ ಬಣ್ಣ. ಆ ಕ್ಷಣಕ್ಕೇ ನನಗೆ ಅವರ ಮೇಲೆ ವಿಶ್ವಾಸ ಹುಟ್ಟಿತು. ಬಟ್ಟೆ ವಿಷಯವನ್ನ ಎಲ್ಲಕ್ಕಿಂತ ಮೊದಲು ಕೇಳೋ ಗಂಡಸರು ಎಷ್ಟು ಜನ ಸಿಗ್ತಾರೆ, ಅಲ್ವಾ?

ನಾನು ದರ್ಜಿಯ ಮಗ. ಅರಸೀಕೆರೆಯಲ್ಲಿ ಅಪ್ಪನ ಹೊಲಿಗೆ ಅಂಗಡಿ ಇತ್ತು. ಶಾಲೆ ಬಿಟ್ಟ ಮೇಲೆ ಕಾಜಾ ಹಾಕೋದು, ಗುಂಡಿ ಕೂರಿಸೋದು ನನ್ನ ಪಾಲಿನ ಕೆಲಸ. ಮುಂದೆ ಮೇಷ್ಟ್ರಾಗಿ ಮೂವತ್ತು ವರ್ಷ ಸೀಮೆಸುಣ್ಣ ಹಿಡಿದೆ ನಿಜ, ಆದರೂ ಯಾರಾದರೂ ಕೋಟು ಹಾಕಿಕೊಂಡು ಎದುರಿಗೆ ಬಂದರೆ ನನ್ನ ಕಣ್ಣು ಇವತ್ತಿಗೂ ಮೊದಲು ಹೋಗೋದು ಭುಜದ ಹೊಲಿಗೆಗೆ, ಆಮೇಲೆ ಮುಖಕ್ಕೆ.

"ಕಡು ಹಸಿರು" ಅಂದೆ. "ಕಾಲರಿಗೆ ಮಾತ್ರ ಕಪ್ಪು ಸ್ಯಾಟಿನ್. ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ."

"ಕ್ಯಾನ್ವಾಸ್ ಶೂನೇ?" ಅಂತ ಒಂದು ಗಳಿಗೆ ಸುಮ್ಮನಾದರು. ಆಮೇಲೆ "ಒಂದ್ನಿಮಿಷ ಇರಿ" ಅಂತ ಒಳಗೆ ಹೋಗಿ ಒಂದು ಫೋಟೋ ಹಿಡಿದುಕೊಂಡು ಬಂದರು. 1976ರದ್ದು, ಅವರದೇ ಪ್ರಾಮ್. ಅಬ್ಬಾ, ಏನು ಫೋಟೋ ಅಂತೀರಿ! ತಲೆಯಿಂದ ಪಾದದವರೆಗೆ ತಿಳಿ ಆಕಾಶನೀಲಿ. ಅಂಗೈಯಗಲದ ಕಾಲರು, ಅದರ ಅಂಚಿಗೆ ಕಡುನೀಲಿ ಪಟ್ಟಿ. ಪ್ಯಾಂಟು ಕೆಳಗೆ ಬೆಲ್ ಬಾಟಮ್. ಎದೆಯ ಮೇಲೆ ಶರಟಿನ ಫ್ರಿಲ್ಲು ನಾಲ್ಕು ಸಾಲು ಈ ಕಡೆ, ನಾಲ್ಕು ಸಾಲು ಆ ಕಡೆ, ನಮ್ಮ ಹೆಣ್ಣುಮಕ್ಕಳ ಲಂಗದ ಅಂಚಿನ ಹಾಗೆ. ಒಂದೊಂದು ಫ್ರಿಲ್ಲಿನ ತುದಿಗೂ ನೀಲಿ ದಾರದ ಸಣ್ಣ ಗೆರೆ, ಇರುವೆ ಸಾಲು ಹೋದ ಹಾಗೆ. ನಾನು ಕನ್ನಡಕ ಮೇಲೇರಿಸಿ ಆ ಗೆರೆಯನ್ನೇ ನೋಡಿದೆ. ಅಷ್ಟು ಉದ್ದದ ಫ್ರಿಲ್ಲಿಗೆ ಅಂಚು ಕಟ್ಟಬೇಕಾದರೆ ಮಿಷನ್ ಮುಂದೆ ಕೂತವರಿಗೆ ಎಷ್ಟು ತಾಳ್ಮೆ ಬೇಕು ಅಂತ ನನಗೆ ಗೊತ್ತು.

ಈ ನೀಲಿ ಸೂಟು ಈಗ ನಗೆಪಾಟಲು. 1994ರಲ್ಲಿ ಬಂದ 'ಡಂಬ್ ಆ್ಯಂಡ್ ಡಂಬರ್' ಸಿನಿಮಾದಲ್ಲಿ ಇಬ್ಬರು ಪೆದ್ದರಿಗೆ ಒಂದು ಕಿತ್ತಳೆ, ಒಂದು ತಿಳಿನೀಲಿ ಟಕ್ಸೀಡೋ ಸೂಟು ಹಾಕಿಸಿ ಇಡೀ ಲೋಕವನ್ನ ನಗಿಸಿದರಲ್ಲ, ಅಲ್ಲಿಂದಾಚೆ ಆ ಬಣ್ಣಕ್ಕೆ ಮಾನವೇ ಉಳಿಯಲಿಲ್ಲ. ನನಗದು ಒಪ್ಪಿಗೆಯಿಲ್ಲ. ನೂರು ವರ್ಷದಿಂದ ಗಂಡಸರೆಲ್ಲ ಕಾಗೆಯ ಹಾಗೆ ಕಪ್ಪು ಕೋಟು ತೊಟ್ಟು ಸಾಲಾಗಿ ನಿಂತಿದ್ದರು. ಹದಿನೆಂಟರ ಹುಡುಗರು ಧೈರ್ಯ ಮಾಡಿ ಬಣ್ಣ ಉಟ್ಟರು. ತಿಳಿ ಹಳದಿ, ಪುದೀನ ಹಸಿರು, ಕೆನೆಗೆಂಪು, ಎಲ್ಲ ಬಂತು. ಫಿಲಡೆಲ್ಫಿಯಾದ ಆಫ್ಟರ್ ಸಿಕ್ಸ್ ಕಂಪನಿಯಂಥವರು ಪಾಲಿಯೆಸ್ಟರಿನಲ್ಲಿ ಹೊಲಿದು ಬಾಡಿಗೆ ಅಂಗಡಿಗಳಿಗೆ ತುಂಬಿದರು. ಪಾಲಿಯೆಸ್ಟರು ಬಣ್ಣ ಬಿಡೋದಿಲ್ಲ, ಮುದುರೋದಿಲ್ಲ, ಒಗೆದು ಒಗೆದು ಹತ್ತು ಹುಡುಗರಿಗೆ ಕೊಟ್ಟರೂ ಹೊಸದರ ಹಾಗೇ ಇರುತ್ತೆ. ಅದೇ ಹೊತ್ತಿಗೆ ನಮ್ಮಲ್ಲೂ ಅಷ್ಟೇ ತಾನೇ? ಟೆರಿಕಾಟು ಬಂದು ಅಪ್ಪನ ಇಸ್ತ್ರಿ ಪೆಟ್ಟಿಗೆ ತಣ್ಣಗಾಯಿತು. ಕಾಲೇಜು ಹುಡುಗರು ಬಂದು "ಬಾಟಮ್ಮು ಇಪ್ಪತ್ತೆಂಟು ಇಂಚು ಬೇಕು" ಅಂದರೆ ಅಪ್ಪ "ನೆಲ ಗುಡಿಸೋಕಾ?" ಅಂತ ಕೇಳೋರು, ಕೇಳಿ ಹೊಲಿದುಕೊಡೋರು. ಅರಸೀಕೆರೆಗೂ ಅಮೆರಿಕಕ್ಕೂ ಬೆಲ್ ಬಾಟಮ್ಮು ಒಂದೇ ಕಾಲಕ್ಕೆ ಹೇಗೆ ಮುಟ್ಟಿತು ಅನ್ನೋದು ನನಗೆ ಇವತ್ತಿಗೂ ಸೋಜಿಗ.

ಅಂದಹಾಗೆ, ಪ್ರಾಮ್ ಅನ್ನೋದು ಪ್ರಾಮನೇಡ್ ಅನ್ನೋ ಪದದ ಮೊಟಕು. ಅತಿಥಿಗಳು ಜೋಡಿಜೋಡಿಯಾಗಿ ಮೆರವಣಿಗೆಯ ಹಾಗೆ ನಡೆದು ಬರೋದು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕಾಲೇಜುಗಳಲ್ಲಿ ಶುರುವಾಗಿ, ನಿಧಾನವಾಗಿ ಹೈಸ್ಕೂಲಿಗೆ ಇಳಿದು, ಎರಡನೇ ಮಹಾಯುದ್ಧ ಮುಗಿದ ಮೇಲೆ ಊರೂರಿಗೂ ಹಬ್ಬವಾಯಿತು. ಟಕ್ಸೀಡೋ ಅನ್ನೋ ಹೆಸರಂತೂ ಇಲ್ಲೇ ಹತ್ತಿರದ್ದು. ನ್ಯೂಯಾರ್ಕ್ ನಗರದಿಂದ ಸುಮಾರು ಅರವತ್ತು ಕಿಲೋಮೀಟರ್ ದೂರದಲ್ಲಿ ಟಕ್ಸೀಡೋ ಪಾರ್ಕ್ ಅಂತ ಒಂದು ಊರಿದೆ. ತಂಬಾಕಿನ ವ್ಯಾಪಾರದಲ್ಲಿ ದುಡ್ಡು ಮಾಡಿದ ಲಾರಿಲಾರ್ಡ್ ಮನೆತನದವರು ಅಲ್ಲಿ ಸಾಹುಕಾರರಿಗೆಂದೇ ಒಂದು ಕ್ಲಬ್ ಕಟ್ಟಿದರು. 1886ರ ಅಕ್ಟೋಬರಿನಲ್ಲಿ ಅಲ್ಲಿ ನಡೆದ ನೃತ್ಯಕೂಟಕ್ಕೆ ಆ ಮನೆಯ ಹುಡುಗ ಮತ್ತು ಅವನ ಗೆಳೆಯರು ಹಿಂದೆ ಬಾಲವಿಲ್ಲದ ಮೊಂಡು ಕೋಟು ಹಾಕಿಕೊಂಡು ಬಂದರಂತೆ, ದೊಡ್ಡವರೆಲ್ಲ ಹುಬ್ಬು ಗಂಟಿಕ್ಕಿದರಂತೆ. ಅದಕ್ಕೂ ಮುಂಚೆ, 1865ರಲ್ಲೇ ಲಂಡನ್ನಿನ ಹೆನ್ರಿ ಪೂಲ್ ಅಂಗಡಿಯವರು ಇಂಗ್ಲೆಂಡಿನ ಯುವರಾಜನಿಗೆ ಇಂಥದೇ ಗಿಡ್ಡ ಕೋಟು ಹೊಲಿದುಕೊಟ್ಟಿದ್ದರು. ಯಾರು ಮೊದಲು ಅಂತ ಜಗಳ ಇದ್ದದ್ದೇ. ನನಗೆ ಖುಷಿ ಕೊಡೋದು ಬೇರೆ ಸಂಗತಿ: ಇವತ್ತು ಯಾವ ಕೋಟನ್ನ 'ಮರ್ಯಾದಸ್ಥ' ಅಂತ ಹುಡುಗರಿಗೆ ಬುದ್ಧಿ ಹೇಳ್ತಾರೋ, ಅದು ಹುಟ್ಟಿದ್ದೇ ಹುಡುಗರ ಮೊಂಡಾಟದಿಂದ.

ಬೇಲಿಯಾಚೆಯವರು ಹೇಳಿದರು, ಅವರ ಅಣ್ಣನ ಕಾಲಕ್ಕೆ ಬಿಳಿ ಕೋಟು ಅಂತ. ಬಿಳಿ ಡಿನ್ನರ್ ಜಾಕೆಟ್ಟು, ಕಪ್ಪು ಪ್ಯಾಂಟು, ಕಾಲರಿಗೊಂದು ಹೂವು. 1942ರ 'ಕಾಸಾಬ್ಲಾಂಕಾ'ದಲ್ಲಿ ಹಂಫ್ರಿ ಬೊಗಾರ್ಟ್ ತೊಟ್ಟಿದ್ದಾನಲ್ಲ, ಅದೇ. 1957ರಲ್ಲಿ ಮಾರ್ಟಿ ರಾಬಿನ್ಸ್ ಅನ್ನೋ ಗಾಯಕ ಬಿಳಿ ಕೋಟು, ಗುಲಾಬಿ ಬಣ್ಣದ ಕಾರ್ನೇಷನ್ ಹೂವಿನ ಮೇಲೇ ಒಂದು ಹಾಡು ಕಟ್ಟಿದ. ಸಂಗೀತ ಕಚೇರಿಗೆ ಹೋಗೋ ದಾರಿಯಲ್ಲಿ ಪ್ರಾಮ್‌ಗೆ ಅಂತ ಅಲಂಕರಿಸಿಕೊಂಡು ನಿಂತ ಹೈಸ್ಕೂಲು ಮಕ್ಕಳನ್ನ ನೋಡಿ ಹೊಳೆದ ಹಾಡಂತೆ. ಹಾಡಿನ ಹುಡುಗನಿಗೆ ಕೋಟಿದೆ, ಹೂವಿದೆ, ಆದರೆ ಹುಡುಗಿ ಬೇರೆಯವನ ಜೊತೆ ಹೋಗಿಬಿಡ್ತಾಳೆ. ಪಾಪ. ಇಸ್ತ್ರಿ ಮಾಡಿದ ಕೋಟು ಮೊಳೆಗೆ ನೇತುಬಿದ್ದಿರೋದು ನನ್ನ ಕಣ್ಣಿಗೆ ಕಟ್ಟುತ್ತೆ.

ಈ ಹೂವಿನ ವಿಷಯ ಬಂತಲ್ಲ, ಒಂದು ಸಣ್ಣ ಕೌಶಲ ಹೇಳಿಬಿಡ್ತೀನಿ. ಕೋಟಿನ ಎಡ ಕಾಲರಿನಲ್ಲಿ ಒಂದು ಕಾಜಾ ಇರುತ್ತೆ, ನೋಡಿದ್ದೀರಾ? ಅದಕ್ಕೆ ಎದುರಾಗಿ ಗುಂಡಿ ಇರೋದಿಲ್ಲ. ಎಷ್ಟೋ ಜನ ಅದನ್ನ ದರ್ಜಿ ಮರೆತದ್ದು ಅಂದುಕೊಂಡಿದ್ದಾರೆ. ಅದು ಹೂವಿಗೆ. ಒಳ್ಳೆಯ ಕೋಟಾದರೆ ಕಾಲರನ್ನ ತಿರುಗಿಸಿ ನೋಡಿ, ಕಾಜಾದ ಕೆಳಗೆ ಒಂದು ದಾರದ ಕುಣಿಕೆ ಸಿಗುತ್ತೆ, ಹೂವಿನ ತೊಟ್ಟು ಅದರೊಳಗೆ ತೂರಿ ನೇರವಾಗಿ ನಿಲ್ಲಬೇಕು. ಅಪ್ಪ ಮದುಮಕ್ಕಳ ಕೋಟಿಗೆ ಆ ಕುಣಿಕೆಯನ್ನ ತಪ್ಪದೆ ಹಾಕೋರು. "ಯಾರೂ ನೋಡೋದಿಲ್ಲವಲ್ಲಪ್ಪ" ಅಂದರೆ, "ತೊಟ್ಟಿಗೆ ಗೊತ್ತಾಗುತ್ತೆ" ಅನ್ನೋರು. ಈಗಿನ ಬಾಡಿಗೆ ಕೋಟುಗಳಲ್ಲಿ ಕಾಜಾ ಬರೀ ತೋರಿಕೆಗೆ, ಸೀಳಿರೋದೇ ಇಲ್ಲ. ಹಾಗಾಗಿ ಹುಡುಗನ ಅಮ್ಮನೋ, ಹುಡುಗಿಯೋ ಉದ್ದ ಪಿನ್ನು ಹಿಡಿದು ಕೋಟಿಗೂ ಎದೆಗೂ ಚುಚ್ಚಿ, ಅವನು "ಆಯ್" ಅಂದು, ಅದರ ಒಂದು ಫೋಟೋ. ಪ್ರತಿ ಮನೆಯ ಆಲ್ಬಮ್ಮಿನಲ್ಲೂ ಈ ಫೋಟೋ ಇರುತ್ತೆ ಅಂತ ಬೇಲಿಯಾಚೆಯವರು ನಕ್ಕರು.

ಬಿಳಿ ಕೋಟಿಗೂ ನೀಲಿ ಸೂಟಿಗೂ ನಡುವೆ ನಮ್ಮ ಕಡೆಯ ಬಟ್ಟೆಯೊಂದು ಇಲ್ಲಿಗೆ ಬಂದುಹೋಗಿದೆ, ಗೊತ್ತಾ? ಮದ್ರಾಸ್ ಚೌಕಳಿ. ಲೀಲಾ ಹೋಟೆಲುಗಳನ್ನ ಕಟ್ಟಿದ ಕ್ಯಾಪ್ಟನ್ ಕೃಷ್ಣನ್ ನಾಯರ್ ಹೋಟೆಲಿಗೆ ಬರೋ ಮೊದಲು ಬಟ್ಟೆ ವ್ಯಾಪಾರಿ. ಐವತ್ತರ ದಶಕದ ಕೊನೆಯಲ್ಲಿ ಅವರು ನ್ಯೂಯಾರ್ಕಿನ ವ್ಯಾಪಾರಿಗೆ ಕೈಮಗ್ಗದ ಮದ್ರಾಸ್ ಬಟ್ಟೆ ಮಾರಿದರು. ತಣ್ಣೀರಲ್ಲಿ ಮೆಲ್ಲಗೆ ಒಗೆಯಿರಿ, ಬಣ್ಣ ಬಿಡುತ್ತೆ ಅಂತ ಹೇಳಿಯೇ ಕೊಟ್ಟಿದ್ದರಂತೆ. ಆ ಮಾತು ಗಿರಾಕಿಗಳವರೆಗೆ ಮುಟ್ಟಲಿಲ್ಲ. ಒಂದೇ ಒಗೆತಕ್ಕೆ ಬಣ್ಣವೆಲ್ಲ ಕಲಸಿಹೋಗಿ ಗಲಾಟೆಯಾಯಿತು. ಕೊನೆಗೆ ಯಾರೋ ಬುದ್ಧಿವಂತರು "ಬಣ್ಣ ಬಿಡುವುದು ಗ್ಯಾರಂಟಿ" ಅಂತಲೇ ಜಾಹೀರಾತು ಕೊಟ್ಟರು, ಜನ ಮುಗಿಬಿದ್ದು ಕೊಂಡರು! ನಮ್ಮಮ್ಮ "ಇದು ಬಣ್ಣ ಬಿಡತ್ತೆ, ಬೇರೆ ಬಕೆಟ್ಟಲ್ಲಿ ನೆನೆಸು" ಅಂತ ದಿನಾ ಗೊಣಗೋ ದೋಷವನ್ನೇ ಇಲ್ಲಿನವರು ಗುಣ ಅಂತ ದುಡ್ಡು ಕೊಟ್ಟು ಕೊಂಡದ್ದು. ಆ ಚೌಕಳಿಯಲ್ಲಿ ಕೋಟು, ಬೋ ಟೈ, ಸೊಂಟಪಟ್ಟಿ ಎಲ್ಲ ಬಂದವು. 1967-68ರ ಹೊತ್ತಿಗೆ ನೆಹರೂ ಜಾಕೆಟ್ಟಿನ ಹುಚ್ಚೂ ಒಂದು ಬೀಸು ಬೀಸಿ ಹೋಯಿತು.

ಸೊಂಟಪಟ್ಟಿ ಅಂದೆನಲ್ಲ, ಅದರ ಹತ್ತಿರ ಸ್ವಲ್ಪ ಕೂತುಕೊಳ್ಳೋಣ. ಇಲ್ಲಿ ಅದಕ್ಕೆ ಕಮರ್‌ಬಂಡ್ ಅಂತಾರೆ. ಕೇಳಿದೊಡನೆ ನನಗೆ ಕಿವಿ ನೆಟ್ಟಗಾಯಿತು. ಕಮರ್ ಅಂದರೆ ಸೊಂಟ, ಬಂದ್ ಅಂದರೆ ಕಟ್ಟು. ಪಾರ್ಸಿ ಮಾತು, ಹಿಂದೂಸ್ತಾನಿಯಲ್ಲಿ ಓಡಾಡಿದ್ದು. ನಮ್ಮ ಸೆಖೆಯಲ್ಲಿ ವೇಸ್ಟ್‌ಕೋಟು ತೊಟ್ಟು ಬೆಂದುಹೋದ ಬ್ರಿಟಿಷ್ ಅಧಿಕಾರಿಗಳು, ನಮ್ಮವರು ಸೊಂಟಕ್ಕೆ ಸುತ್ತೋ ಪಟ್ಟಿ ನೋಡಿ ಅದನ್ನೇ ಹಿಡಿದುಕೊಂಡರು. ಅಲ್ಲಿಂದ ಲಂಡನ್ನಿಗೆ, ಅಲ್ಲಿಂದ ಟಕ್ಸೀಡೋ ಕೆಳಗೆ. ಅದರ ನಿರಿಗೆಗಳು ಮೇಲ್ಮುಖವಾಗಿರಬೇಕು ಅನ್ನೋದು ಕಟ್ಟಳೆ. ಯಾಕೆ ಅಂದರೆ ನಾಟಕದ ಟಿಕೇಟು ಸಿಕ್ಕಿಸಿಕೊಳ್ಳೋಕೆ ಅಂತ ಕೆಲವರು, ಊಟದ ಚೂರು ಬಿದ್ದರೆ ಹಿಡಿಯೋಕೆ ಅಂತ ಕೆಲವರು. ನಮ್ಮಜ್ಜನಿಗೆ ಇದನ್ನ ವಿವರಿಸೋ ಅಗತ್ಯವೇ ಇರ್ತಿರಲಿಲ್ಲ. ಪಂಚೆಯ ಸೊಂಟದ ಮಡಿಕೆಯಲ್ಲೇ ಅವರ ನಶ್ಯದ ಡಬ್ಬಿ, ಚಿಲ್ಲರೆ ಕಾಸು, ಬೀಗದ ಕೈ, ರೈಲಿನ ಟಿಕೇಟು, ಎಲ್ಲ ಸಂಸಾರ. ಅರಸೀಕೆರೆ ಜಂಕ್ಷನ್ನಿನಲ್ಲಿ ಟಿಕೇಟು ಕೇಳಿದವರಿಗೆ ಸೊಂಟ ಸಡಿಲಿಸಿ ತೆಗೆದುಕೊಡೋರು.

ಎಂಬತ್ತರ ದಶಕದಲ್ಲಿ ಈ ಕಮರ್‌ಬಂಡಿಗೆ ಎಲ್ಲಿಲ್ಲದ ಮೆರೆದಾಟ. ಕೋಟು ಮತ್ತೆ ಕಪ್ಪೋ ಬಿಳಿಯೋ ಆಯಿತು, ಬಣ್ಣವೆಲ್ಲ ಬಂದು ಸೊಂಟದಲ್ಲೂ ಕತ್ತಿನ ಬೋ ಟೈನಲ್ಲೂ ಕೂತುಕೊಂಡಿತು. ಹುಡುಗಿಯ ಗೌನು ಯಾವ ಬಣ್ಣವೋ ಹುಡುಗನ ಪಟ್ಟಿಯೂ ಅದೇ ಬಣ್ಣ. ಅವಳ ಬಟ್ಟೆಯ ಒಂದು ತುಂಡನ್ನ ಜೇಬಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ, ದೀಪದ ಕೆಳಗೊಮ್ಮೆ ಹಿಡಿದು, ಬಾಗಿಲಾಚೆ ಬಿಸಿಲಿಗೊಮ್ಮೆ ಹಿಡಿದು ಹೊಂದಿಸೋರಂತೆ. ನಮ್ಮ ಹೆಂಗಸರು ಸೀರೆ ಕವರಿನಲ್ಲಿಟ್ಟುಕೊಂಡು ಮ್ಯಾಚಿಂಗ್ ಸೆಂಟರಿಗೆ ಹೋಗಿ, ಮಾವಿನಚಿಗುರು ಹಸಿರಲ್ಲಿ ಹನ್ನೆರಡು ಹಸಿರು ತೆಗೆಸಿ, ಹದಿಮೂರನೆಯದಕ್ಕೆ "ಇದೂ ಒಂಚೂರು ಡಾರ್ಕಾಯ್ತು" ಅಂತಾರಲ್ಲ, ಥೇಟ್ ಅದೇ. ಆ ಕೆಲಸ ಇಲ್ಲಿ ಗಂಡುಹುಡುಗರ ಪಾಲಿಗೆ ಬಂದಿತ್ತು. ಜೊತೆಗೆ ಬರುವವಳ ಬಟ್ಟೆ ಬಣ್ಣವನ್ನ ಒಬ್ಬ ಹುಡುಗ ಅಷ್ಟು ಗಮನ ಕೊಟ್ಟು ನೋಡೋದು ಎಷ್ಟು ಚೆಂದದ ಶಿಕ್ಷಣ ನೋಡಿ. ನಮ್ಮ ಮೊಮ್ಮಗನಿಗೂ ಅದು ತಪ್ಪಲಿಲ್ಲ. ಆ ಹುಡುಗಿ ಫೋನಿನಲ್ಲಿ ಕಳಿಸಿದ ಬಣ್ಣಕ್ಕೆ ಅವನೇನೋ ಇಂಗ್ಲಿಷ್ ಹೆಸರು ಹೇಳಿದ. ನಾನು ನೋಡಿ "ಒಣಗಿದ ಗುಲಾಬಿ" ಅಂದೆ. ಅದೇ ಸರಿ ಹೆಸರು ಅಂತ ಅವಳಿಗೂ ಕಳಿಸಿದ!

ತೊಂಬತ್ತರ ಮಾತು ಬೇಗ ಮುಗಿಯುತ್ತೆ. ಎಲ್ಲ ಕಪ್ಪು, ದೊಗಳೆ, ಭುಜಕ್ಕಿಂತ ನಾಲ್ಕು ಬೆರಳು ಆಚೆ ನಿಂತ ಕೋಟು, ಬೋ ಟೈ ಬಿಟ್ಟು ಪಟ್ಟಿ ಕಾಲರಿನ ಶರಟು. ದರ್ಜಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಆಮೇಲೆ ಬಂತು ಬಿಗಿಯ ಕಾಲ. ಕಾಲಿಗಂಟಿದ ಪ್ಯಾಂಟು, ಹರಡಿನ ಮೇಲೇ ನಿಂತುಬಿಡುತ್ತೆ. ಕಡುನೀಲಿ, ದ್ರಾಕ್ಷಾರಸದ ಕೆಂಪು, ಹೂಬಳ್ಳಿ ಚಿತ್ತಾರದ ಜಾಕೆಟ್ಟು, ಕಾಲಿಗೆ ಆಟದ ಶೂ. ಬಣ್ಣ ಮತ್ತೆ ಬಂತು ನೋಡಿ. ನೀಲಿ ಸೂಟಿನ ಮೊಮ್ಮಕ್ಕಳೇ ಇವೆಲ್ಲ ಅಂತೀನಿ ನಾನು. ಕೆಲವು ಮಕ್ಕಳಂತೂ ಡಕ್ಟ್ ಟೇಪಿನಲ್ಲೇ ಇಡೀ ಟಕ್ಸೀಡೋ ಮಾಡಿಕೊಳ್ತಾರೆ. ಹೌದು, ಪೈಪಿಗೆ ಸುತ್ತೋ ಅಂಟುಪಟ್ಟಿ! ಒಂದು ಟೇಪಿನ ಕಂಪನಿ 2001ರಿಂದ ಇದಕ್ಕೇ ಅಂತ ಸ್ಪರ್ಧೆ ನಡೆಸಿ ವಿದ್ಯಾರ್ಥಿವೇತನ ಕೊಡುತ್ತೆ. ಮಗಳು ಚಿತ್ರ ತೋರಿಸಿದಳು. ಕಾಲರು, ಗುಂಡಿ, ವೇಸ್ಟ್‌ಕೋಟಿನ ಕಸೂತಿ, ಎಲ್ಲ ಟೇಪು. ಕತ್ತರಿಸಿ ಕತ್ತರಿಸಿ ಅಂಟಿಸಿದ ಆ ಕೈಗಳಿಗೆ ಸೂಜಿ ಕೊಟ್ಟಿದ್ದರೆ ಏನೇನು ಮಾಡುತ್ತಿದ್ದವೋ.

ಎಲ್ಲರಿಗೂ ಈ ಕೋಟು ಸುಲಭಕ್ಕೆ ಸಿಕ್ಕಿದೆ ಅಂತಲೂ ಇಲ್ಲ. 2010ರಲ್ಲಿ ಮಿಸಿಸಿಪ್ಪಿಯ ಒಬ್ಬ ಹುಡುಗಿ ತಾನು ಟಕ್ಸೀಡೋ ತೊಟ್ಟು, ತನ್ನ ಗೆಳತಿಯ ಜೊತೆ ಪ್ರಾಮ್‌ಗೆ ಬರ್ತೀನಿ ಅಂದದ್ದಕ್ಕೆ ಶಾಲೆಯ ಆಡಳಿತ ಮಂಡಳಿಯವರು ಪ್ರಾಮನ್ನೇ ರದ್ದು ಮಾಡಿದರು. ವಿಷಯ ಕೋರ್ಟಿಗೆ ಹೋಗಿ, ಅವಳ ಹಕ್ಕಿಗೆ ಧಕ್ಕೆಯಾಗಿದೆ ಅಂತ ನ್ಯಾಯಾಧೀಶರು ಹೇಳಿದರು. ಒಂದು ಕೋಟು ತೊಡೋದಕ್ಕೆ ಆ ಮಗು ಅಷ್ಟು ಓಡಾಡಬೇಕಾಯಿತಲ್ಲ ಅಂತ ನನಗೆ ಈಗಲೂ ಸಂಕಟವಾಗುತ್ತೆ.

ನಮ್ಮ ಕಾಲದಲ್ಲಿ ನಮಗೆಲ್ಲಿಯ ಪ್ರಾಮು? ಕಾಲೇಜ್ ಡೇ ಅಂದರೆ ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆ, ನಡುವೆ ಪ್ರಿನ್ಸಿಪಾಲರ ಭಾಷಣ. ಆದರೆ ಬಾಡಿಗೆ ಕೋಟು ಮಾತ್ರ ನಮಗೂ ಇತ್ತು ರೀ. ಫೋಟೋ ಸ್ಟುಡಿಯೋದಲ್ಲಿ ಗೂಟಕ್ಕೆ ನೇತುಹಾಕಿರುತ್ತಿದ್ದ ಆ ಕಪ್ಪು ಕೋಟು, ಅದರ ಜೇಬಲ್ಲೇ ಗಂಟು ಬಿಚ್ಚದ ಟೈ, ನೆನಪಿದೆಯಾ? ಊರಿಗೆಲ್ಲ ಅದೊಂದೇ ಅಳತೆ. ಸಣ್ಣ ಆಳಾದರೆ ಬೆನ್ನ ಹಿಂದೆ ಬಟ್ಟೆ ಕ್ಲಿಪ್ಪು ಹಾಕಿ ಬಿಗಿ ಮಾಡೋರು, ದಪ್ಪ ಆಳಾದರೆ ಗುಂಡಿ ಬಿಚ್ಚಿ ಅಂಚು ಹಿಡಿದುಕೊಳ್ಳಿ ಅನ್ನೋರು. ಎದೆಮಟ್ಟದ ಫೋಟೋ ತಾನೇ, ಕೆಳಗೆ ಪಂಚೆಯೋ ಲುಂಗಿಯೋ ಯಾರಿಗೆ ಬೇಕು? ನನ್ನ ಪಿಯುಸಿ ಫೋಟೋದಲ್ಲಿರೋದು ಅದೇ ಕೋಟು, ನಮ್ಮ ಚಿಕ್ಕಪ್ಪನ ಹೆಣ್ಣು ನೋಡೋ ಫೋಟೋದಲ್ಲಿರೋದೂ ಅದೇ. ಬಲ ಕಾಲರಿನ ತುದಿಯಲ್ಲಿ ಸಣ್ಣ ಸುಟ್ಟ ಗುರುತಿದೆ. ಅದನ್ನ ಹಿಡಿದೇ ಎಷ್ಟೋ ಮನೆಯ ಗೋಡೆಗಳ ಮೇಲೆ ಆ ಕೋಟನ್ನ ಪತ್ತೆ ಮಾಡಿದ್ದೀನಿ ನಾನು. ಈಗ ಬೆಂಗಳೂರಿನ ಕಾಲೇಜುಗಳಲ್ಲಿ ಎಥ್ನಿಕ್ ಡೇ ಅಂತ ಬರುತ್ತೆ, ಹುಡುಗರು ವೆಲ್ಕ್ರೋ ಅಂಟಿಸಿದ ಪಂಚೆ ಉಡ್ತಾರೆ. ಇಲ್ಲಿ ಬೋ ಟೈಗೆ ಹಿಂದೆ ಕೊಕ್ಕೆ, ಅಲ್ಲಿ ಪಂಚೆಗೆ ವೆಲ್ಕ್ರೋ. ಕಟ್ಟೋಕೆ ಬರದವನಿಗೂ ಉಡೋ ಆಸೆ ಇದೆಯಲ್ಲ, ಅದು ನನಗೆ ಇಷ್ಟ.

ಹಾಂ, ಹಸಿರು ಕೋಟಿನ ಮಾತು ಅರ್ಧಕ್ಕೇ ನಿಂತಿತು. ಪ್ರಾಮ್‌ಗೆ ಒಂದು ದಿನ ಮುಂಚೆ ಬಾಡಿಗೆ ಅಂಗಡಿಯಿಂದ ಡಬ್ಬಿ ಬಂತು. ಹಾಕಿ ನೋಡಿದರೆ ತೋಳು ಒಂದು ಇಂಚು ಗಿಡ್ಡ. ಅಂಗಡಿಗೆ ಫೋನು ಮಾಡಿದರೆ ಬದಲಿ ಬರೋಕೆ ಎರಡು ದಿನ ಬೇಕಂತೆ. ಮಗಳ ಮುಖ ಸಪ್ಪಗಾಯಿತು. ಮೊಮ್ಮಗ ಕೈ ಮಡಚಿ "ಹೀಗೆ ನಿಂತ್ಕೋತೀನಿ ಬಿಡು ಅಜ್ಜ" ಅಂದ. ರಾತ್ರಿಯೆಲ್ಲ ಕೈ ಮಡಚಿಕೊಂಡು ಕುಣಿಯೋಕಾಗುತ್ತಾ? ಸೂಜಿದಾರ ತಾ ಅಂದೆ.

ಅಡುಗೆಮನೆಯ ಮೇಜಿನ ಮೇಲೆ ದೀಪದ ಕೆಳಗೆ ತೋಳಿನ ಒಳಮಗ್ಗುಲು ತಿರುವಿದೆ. ಲೈನಿಂಗಿನ ಹೊಲಿಗೆ ಬಿಚ್ಚಿದರೆ ಒಳಗೆ ಎರಡೂವರೆ ಇಂಚು ಬಟ್ಟೆ ಮಡಿಸಿ ಇಟ್ಟಿದ್ದಾರೆ, ಬಾಡಿಗೆ ಕೋಟುಗಳಲ್ಲಿ ಹೀಗೇ ಬಿಟ್ಟಿರ್ತಾರೆ. ಆ ಮಡಿಕೆ ಬಿಡಿಸಿ ಬೆಳಕಿಗೆ ಹಿಡಿದಾಗ ಕಂಡಿತು, ಸೂಜಿ ಚುಚ್ಚಿದ ಹಳೇ ತೂತಿನ ಸಾಲುಗಳು. ಒಂದರ ಕೆಳಗೊಂದು ಮೂರು ಸಾಲು. ಒಂದು ಮುಕ್ಕಾಲಿಂಚು ಮೇಲೆ, ಒಂದು ನಡುವೆ, ಒಂದು ಹೆಚ್ಚೂಕಡಿಮೆ ತುದಿಯಲ್ಲಿ. ಮೂವರು ಹುಡುಗರು. ಕಡೇ ಸಾಲಿನವನು ಬಲು ಉದ್ದದ ಆಳಾಗಿರಬೇಕು. ನಾನು ಬೆರಳಲ್ಲಿ ಒಂದೊಂದು ಸಾಲನ್ನೂ ಸವರಿ ನೋಡಿದೆ. ಪಕ್ಕದ ಮನೆಯವರೂ ಬಂದು ಕುರ್ಚಿ ಎಳೆದುಕೊಂಡು ಕೂತಿದ್ದರು. "ನನ್ನ ನೀಲಿ ಕೋಟನ್ನ ನನ್ನ ನಂತರ ಯಾರು ಹಾಕಿಕೊಂಡರೋ" ಅಂದರು, ಬಹಳ ಹೊತ್ತು ಸುಮ್ಮನಿದ್ದು.

ಮೊಮ್ಮಗನ ಅಳತೆ ಮೇಲಿನ ಎರಡು ಸಾಲುಗಳ ನಡುವೆ ಬಂತು. ಹಸಿರು ದಾರ ಮನೆಯಲ್ಲಿ ಸಿಗಲಿಲ್ಲ, ಕಪ್ಪು ದಾರದಲ್ಲೇ ಹೆಮ್ಮಿಂಗ್ ಹಾಕಿದೆ, ಅಪ್ಪ ಕಲಿಸಿದ ಹಾಗೆ, ಹೊರಗಡೆ ಒಂದು ಎಳೆಯೂ ಕಾಣದಂತೆ. ಇನ್ನು ಎಡ ಕಾಲರಿನ ಕಾಜಾ. ಅದು ಸೀಳದ ಕಾಜಾ. ಬಾಡಿಗೆಯ ಮಾಲು, ಕತ್ತರಿ ಹಾಕೋ ಹಾಗಿಲ್ಲ. ಅದರ ಬದಲು ಕಾಲರಿನ ಹಿಂದೆ ಕಪ್ಪು ದಾರದ ಒಂದು ಸಣ್ಣ ಕುಣಿಕೆ ನೇಯ್ದೆ, ಎರಡು ಟಾಕು, ಮೇಲೆ ಬಿಗಿ ಸುತ್ತು. ಹೂವಿನ ತೊಟ್ಟನ್ನ ಅದಕ್ಕೆ ತೂರಿಸಿ ಸಣ್ಣ ಪಿನ್ನೊಂದು ಕೊಟ್ಟರೆ ಎದೆಗೆ ಚುಚ್ಚೋದಿಲ್ಲ.

ಮರುದಿನ ಸಂಜೆ ಹೂವು ನೆಟ್ಟಗೆ ನಿಂತಿತ್ತು. ಅದರ ಮರುದಿನ ಕೋಟು ಡಬ್ಬಿಯೊಳಗೆ ಹೋಯಿತು. ಕುಣಿಕೆ ಬಿಚ್ಚಬೇಕಾ ಅಂತ ಮಗಳು ಕೇಳಿದಳು. ಇರಲಿ ಬಿಡು ಅಂದೆ, ಐದನೆಯವನು ಬರ್ತಾನಲ್ಲ.